ಅಪ್‌ಡೇಟ್: ಕಲಿಯೋಕೆ ಅಗ್ಗದ ಟರ್ನ್‌ಟೇಬಲ್, ಕೊನೆಗೆ ತಗೊಂಡಿದ್ದು

ಡಿಜೆ ಕಲಿಯೋಕೆ ಕಡಿಮೆ ಬೆಲೆಯ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸಿ ನುಡಿಸೋ ಯಂತ್ರ) ಯಾವುದು ಅಂತ ಕೇಳಿದ್ದೆನಲ್ಲ, ಸೆಕೆಂಡ್ ಹ್ಯಾಂಡ್ ಪಯೋನಿಯರ್ ಪಿಎಲ್‌ಎಕ್ಸ್-500 ಜೋಡಿ ತಗೊಂಡೆ. ಡೈರೆಕ್ಟ್ ಡ್ರೈವೇ (ಮೋಟಾರ್ ನೇರವಾಗಿ ತಟ್ಟೆ ತಿರುಗಿಸೋದು) ಬೇಕು ಅಂದವರ ಮಾತು ಸರಿ. ಬೆಲ್ಟ್ ಡ್ರೈವ್ (ಮೋಟಾರ್ ಬೆಲ್ಟ್ ಮೂಲಕ ತಿರುಗಿಸೋದು) ಸಾಕು ಅನ್ನೋ ಸಲಹೆ ನಡೀಲಿಲ್ಲ: ರೆಕಾರ್ಡ್ ಹಿಡಿದು ಬಿಟ್ಟರೆ ವೇಗಕ್ಕೆ ಬರೋದು ತಡ, ಬೀಟ್ ಕೂಡಲ್ಲ. ನಾನು ತಗೊಂಡಿದ್ದರ ಟಾರ್ಕ್ (ತಿರುಗಿಸೋ ಬಲ) 1.6 ಕೆಜಿ-ಸೆಂ.ಮೀ.; ಬಿಟ್ಟ ಕೂಡಲೇ ಹಿಡಿಯುತ್ತೆ.

ಯಾರೂ ಹೇಳದ ವಿಷಯ ಒಂದಿದೆ. ಟರ್ನ್‌ಟೇಬಲ್ ಹಿಂದುಗಡೆ ಫೋನೋ/ಲೈನ್ ಸ್ವಿಚ್ ಇರುತ್ತೆ: ಫೋನೋ ಅಂದರೆ ಸೂಜಿಯ ಸಣ್ಣ ಸಿಗ್ನಲ್ ಹಾಗೇ ಬರೋದು, ಲೈನ್ ಅಂದರೆ ಒಳಗೇ ಹಿಗ್ಗಿಸಿ ಕೊಡೋದು. ಮಿಕ್ಸರ್‌ನ (ಎರಡೂ ಟರ್ನ್‌ಟೇಬಲ್ ಸೌಂಡ್ ಬೆರೆಸೋ ಯಂತ್ರ) ಫೋನೋ ಇನ್‌ಪುಟ್‌ಗೆ ಹಾಕಿದಾಗ ಸ್ವಿಚ್ಚೂ ಫೋನೋದಲ್ಲೇ ಇರಲಿ. ಲೈನ್‌ನಲ್ಲಿದ್ದರೆ ಸಿಗ್ನಲ್ ಎರಡು ಸಲ ಹಿಗ್ಗಿ ಸೌಂಡ್ ಒಡೆಯುತ್ತೆ.

ಸೂಜಿ ಹಾರುತ್ತಾ? ಆ್ಯಂಟಿಸ್ಕೇಟ್ (ಸೂಜಿ ಒಳಕ್ಕೆ ಎಳೆಯದಂತೆ ತಡೆಯೋ ಗುಂಡಿ) ಸೊನ್ನೆಗಿಟ್ಟು, ಆರ್ಮ್ (ಸೂಜಿ ಹೊತ್ತ ಕಡ್ಡಿ) ಗಾಳಿಯಲ್ಲಿ ಸಮ ನಿಲ್ಲೋ ತನಕ ಅದರ ಹಿಂದಿನ ಕೌಂಟರ್‌ವೇಟ್ (ತೂಕದ ಬಿಲ್ಲೆ) ತಿರುಗಿಸಿ, ಅದರ ಮೇಲಿನ ಅಂಕಿ ಡಯಲನ್ನಷ್ಟೇ ಸೊನ್ನೆಗೆ ತಂದು, ಆಮೇಲೆ ವೇಟ್ ತಿರುಗಿಸಿ ಕಾರ್ಟ್ರಿಜ್ (ಸೂಜಿ ಕೂತಿರೋ ಭಾಗ) ಕೇಳುವಷ್ಟು ಗ್ರಾಂ ಕೊಡಿ. ಸ್ಲಿಪ್‌ಮ್ಯಾಟ್ (ರೆಕಾರ್ಡ್ ಕೆಳಗಿನ ಜಾರೋ ಬಟ್ಟೆ) ಜಾರದಿದ್ದರೆ ಅದರಡಿ ಬಟರ್ ಪೇಪರ್ ಸಾಕು, ದುಬಾರಿ ಶೀಟ್ ಬೇಡ.