ಒಂದೇ ಡೈಕಾನ್, ಒಮ್ಮೆ ಸಿಹಿ ಒಮ್ಮೆ ಖಾರ ಯಾಕೆ?

ಪ್ರಶ್ನೆ (ಯೊಕೊಹಾಮಾದಿಂದ):
ನಮಸ್ಕಾರ ಸರ್. ಇಲ್ಲಿ ನಾವು ಹುಳಿಗೂ ಮೊಸರುಬಜ್ಜಿಗೂ ಡೈಕಾನನ್ನೇ, ಅಂದರೆ ಜಪಾನಿನ ಬಿಳಿ ಮೂಲಂಗಿಯನ್ನೇ, ಹಾಕುತ್ತೇವೆ. ಇಡೀ ಗಡ್ಡೆ ನಮ್ಮ ಮನೆಗೆ ಜಾಸ್ತಿ, ಅದಕ್ಕೆ ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಕತ್ತರಿಸಿ ಇಟ್ಟದ್ದನ್ನು ತರುತ್ತೇನೆ. ಹೋದ ವಾರ ಮೊಸರುಬಜ್ಜಿ ಸಿಹಿಯಾಗಿತ್ತು. ಈ ವಾರ ಅದೇ ಅಂಗಡಿಯದ್ದು ಮೂಗಿಗೆ ಹತ್ತುವಷ್ಟು ಖಾರ, ಮಗಳು ಮುಟ್ಟಲೇ ಇಲ್ಲ. ನೋಡಿ ಆರಿಸುವುದು ಹೇಗೆ?

ಉತ್ತರ (ಜಪಾನಿ ಅಡುಗೆಮನೆಯ ಬಾಣಸಿಗ):
ಮೇಡಂ, ಹೋದ ವಾರ ನಿಮಗೆ ಮೇಲಿನ ಅರ್ಧ ಸಿಕ್ಕಿರಬೇಕು, ಈ ವಾರ ಕೆಳಗಿನ ಅರ್ಧ. ಜಪಾನಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅಒಕುಬಿ ತಳಿ, ಸೊಪ್ಪಿನ ಕಡೆ ಅದರ ಕತ್ತು ತಿಳಿ ಹಸಿರು. ಆ ಭಾಗ ಸಿಹಿ, ಹಸಿಯಾಗಿ ತಿನ್ನೋದಕ್ಕೆ ಅದೇ ಸರಿ. ನಡುವಿನದು ಮೆತ್ತಗೆ ಬೇಯುತ್ತದೆ, ಒದೆನ್‌ಗೂ (ತರಕಾರಿ, ಮೊಟ್ಟೆ ಹಾಕಿ ನಿಧಾನವಾಗಿ ಬೇಯಿಸುವ ಜಪಾನಿ ಸಾರು) ನಿಮ್ಮ ಹುಳಿಗೂ ಅದನ್ನೇ ಇಟ್ಟುಕೊಳ್ಳಿ. ತುದಿಗೆ ಹೋದಷ್ಟೂ ಖಾರ. ಅದು ಮಿಸೊ ಸೂಪಿಗೆ, ಉಪ್ಪಿನಕಾಯಿಗೆ ಒಳ್ಳೆಯದು. ಹಸಿರು ಇರುವ ಅರ್ಧವನ್ನೇ ತನ್ನಿ, ಮೊಸರುಬಜ್ಜಿಯ ಚಿಂತೆ ಮುಗಿಯಿತು.

ಇನ್ನೊಂದು ವಿಷಯ. ಇಡೀ ಗಡ್ಡೆಯಲ್ಲಿ ಆ ಖಾರ ತಯಾರಾಗಿ ಕೂತಿರುವುದಿಲ್ಲ. ಖಾರದ ಮೂಲವಸ್ತು ಒಂದು ಕಡೆ, ಅದನ್ನು ಒಡೆಯುವ ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತದೆ. ನಾವು ತುರಿದು ಜೀವಕೋಶ ಒಡೆದಾಗ ಎರಡೂ ಸೇರಿ ಐಸೊಥಯೊಸಯನೇಟ್ ಹುಟ್ಟುತ್ತದೆ, ಸಾಸಿವೆಯ ಘಾಟೂ ಇದೇ ಬಳಗದ್ದು. ಅದಕ್ಕೇ ಜೋರಾಗಿ ಒತ್ತಿ ತುರಿದರೆ ಖಾರ ಜಾಸ್ತಿ, ಮೆಲ್ಲಗೆ ಸುತ್ತಿಸಿ ತುರಿದರೆ ಕಡಿಮೆ. ತುರಿದ ಮೇಲೆ ಸ್ವಲ್ಪ ಹೊತ್ತು ತೆರೆದಿಟ್ಟರೂ ಘಾಟು ಹಾರಿಹೋಗುತ್ತದೆ. ಮಕ್ಕಳಿಗಾದರೆ ಹಾಗೆ ಬಿಟ್ಟು ಆಮೇಲೆ ಮೊಸರು ಹಾಕಿ. ಸುಟ್ಟ ಸಾನ್ಮಾ ಮೀನಿನ ಜೊತೆ ಖಾರವೇ ಬೇಕೆಂದರೆ ತುರಿದ ಕೂಡಲೇ ಬಡಿಸಿ.

ಪ್ರಶ್ನೆ (ನಗೋಯಾದಿಂದ):
ಸರ್, ನಾನು ದಪ್ಪ ಬಿಲ್ಲೆ ಮಾಡಿ ಬೇಯಿಸಿದರೆ ಒಂಥರಾ ವಾಸನೆ, ಸ್ವಲ್ಪ ಕಹಿ. ಹೋಟೆಲಿನಲ್ಲಿ ಅಷ್ಟು ಸಿಹಿಯಾಗಿರುತ್ತದಲ್ವಾ, ಸಕ್ಕರೆ ಹಾಕುತ್ತಾರಾ?

ಉತ್ತರ:
ಸಾರಿನಲ್ಲಿ ಮಿರಿನ್ (ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ) ಇರುತ್ತದೆ ನಿಜ, ಆದರೆ ಅಸಲಿ ಕೆಲಸ ಅದಕ್ಕೂ ಮೊದಲೇ ಆಗಿರುತ್ತದೆ. ಸಿಪ್ಪೆ ದಪ್ಪಗೆ ತೆಗೆಯಿರಿ, ಅದರ ಒಳಗೇ ಗಟ್ಟಿ ನಾರಿನ ಒಂದು ಸುತ್ತು ಇದೆ, ಅದೂ ಹೋಗಬೇಕು. ಬಿಲ್ಲೆಯ ಒಂದು ಮುಖಕ್ಕೆ ಚಾಕುವಿನಿಂದ ಕೂಡಿಸುವ ಗುರುತಿನಂತೆ ಗೀರು ಹಾಕಿ, ನಡುವಿನವರೆಗೂ ಬೇಯುತ್ತದೆ. ಆಮೇಲೆ ಅಕ್ಕಿ ತೊಳೆದ ನೀರಿನಲ್ಲಿ, ತಣ್ಣಗಿದ್ದಾಗಲೇ ಇಟ್ಟು, ಕಡ್ಡಿ ಸಲೀಸಾಗಿ ಇಳಿಯುವವರೆಗೆ ಬೇಯಿಸಿ ತೊಳೆಯಿರಿ. ಕಹಿ, ವಾಸನೆ ಎರಡೂ ಆ ನೀರಿನಲ್ಲೇ ಹೋಗುತ್ತವೆ. ಮನೆಯಲ್ಲಿ ದಿನಾ ಅಕ್ಕಿ ತೊಳೆಯುತ್ತೇವೆ, ಆ ನೀರನ್ನು ಸುಮ್ನೆ ಚೆಲ್ಲಬೇಡಿ. ಉಪ್ಪು, ಸೋಯಾ ಸಾಸ್ ಎಲ್ಲಾ ಮೆತ್ತಗಾದ ಮೇಲೆ. ಹುಳಿಗೂ ಹಾಗೆಯೇ: ಹೋಳು ಬೆಂದ ಮೇಲೆ ಹುಣಸೆರಸ ಹಾಕಿ, ಮೊದಲೇ ಹಾಕಿದರೆ ಬೇಯುವುದು ತಡ.

ಕಾಲವೂ ನೋಡಬೇಕು. ಚಳಿ ಬಿದ್ದಾಗ ಗಡ್ಡೆಯಲ್ಲಿ ಸಕ್ಕರೆ ಸೇರುತ್ತದೆ, ಚಳಿಗಾಲದ ಡೈಕಾನ್ ಬೇಯಿಸಿದರೆ ಅಷ್ಟು ರುಚಿ ಅದಕ್ಕೇ. ಬೇಸಿಗೆಯ ಬೆಳೆ ಖಾರ. ತಳಿಯದ್ದೂ ದೊಡ್ಡ ಪಾತ್ರ ಇದೆ: ಕ್ಯೋಟೋದ ಉರುಟು ಶೋಗೊಇನ್ ಎಷ್ಟು ಹೊತ್ತು ಕುದಿಸಿದರೂ ಒಡೆಯುವುದಿಲ್ಲ, ಸಿಕ್ಕರೆ ಖಂಡಿತ ತನ್ನಿ. ಕರಾಮಿ ಅನ್ನುವ ಪುಟ್ಟ ಗಡ್ಡೆ ಮಾತ್ರ ವಿಪರೀತ ಖಾರ, ಸೋಬಾ ನೂಡಲ್ಸಿನ ಜೊತೆ ತುರಿದು ತಿನ್ನುತ್ತಾರೆ, ಅದನ್ನು ಮೊಸರುಬಜ್ಜಿಗೆ ಹಾಕಬೇಡಿ.

ಪ್ರಶ್ನೆ (ಬೆಂಗಳೂರಿನಿಂದ):
ನಮ್ಮ ಮೂಲಂಗಿಗೂ ಇದೇ ಲೆಕ್ಕವಾ ಅಣ್ಣಾ? ಎಷ್ಟೋ ಸಲ ಮನೆಗೆ ತಂದು ಕತ್ತರಿಸಿದ ಮೇಲೆ ಬೆಂಡು ಅಂತ ಗೊತ್ತಾಗುತ್ತದೆ.

ಉತ್ತರ:
ಹೌದಮ್ಮಾ, ಅದೂ ಇದೇ ಜಾತಿ, ತುದಿ ಖಾರ, ಬೇಸಿಗೆಯಲ್ಲಿ ಇನ್ನೂ ಖಾರ. ಬೆಂಡು ಕಂಡುಹಿಡಿಯಲು ಸೊಪ್ಪಿನ ಹೊರಗಿನ ದಂಟೊಂದನ್ನು ಬುಡದ ಹತ್ತಿರ ಮುರಿದು ನೋಡಿ. ದಂಟಿನೊಳಗೆ ಟೊಳ್ಳಿದ್ದರೆ ಗಡ್ಡೆಯೂ ಬಹುಪಾಲು ಬೆಂಡೇ. ಕೈಗೆ ಭಾರ ಅನಿಸುವುದನ್ನೇ ಆರಿಸಿ. ಮನೆಗೆ ತಂದ ಕೂಡಲೇ ಸೊಪ್ಪು ಕತ್ತರಿಸಿ ಬೇರೆ ಇಡಿ, ಬಿಟ್ಟರೆ ಅದು ಗಡ್ಡೆಯ ನೀರನ್ನೆಲ್ಲಾ ಎಳೆದುಕೊಳ್ಳುತ್ತದೆ. ಆ ಸೊಪ್ಪನ್ನು ಅವತ್ತೇ ಪಲ್ಯ ಮಾಡಿ.