ಬಿಒಡಿ ಸರಿ ಇದೆ, ಸಿಒಡಿ ಮಾತ್ರ ಜಾಸ್ತಿ: ಮಲ್ಪೆ ಮೀನು ಘಟಕದ ಇಟಿಪಿ

ಬೂತಾಯಿ_ಮಲ್ಪೆ: ನಮ್ಮದು ಬೂತಾಯಿ, ಬಂಗುಡೆ ಶುಚಿ ಮಾಡಿ ಫ್ರೀಜ್ ಮಾಡುವ ಘಟಕ. ಇಟಿಪಿಯ, ಅಂದ್ರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ, ಮೇ ತಿಂಗಳ ಔಟ್‌ಲೆಟ್ ರಿಪೋರ್ಟಿನಲ್ಲಿ ಬಿಒಡಿ (ಬ್ಯಾಕ್ಟೀರಿಯಾ ಕೊಳೆ ತಿನ್ನಲು ಬೇಕಾದ ಆಮ್ಲಜನಕ) ಲೀಟರಿಗೆ 22 ಮಿ.ಗ್ರಾಂ, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಸುಡಲು ಬೇಕಾದ ಆಮ್ಲಜನಕ) 410. ನಮಗಿರುವ ಮಿತಿ 30 ಮತ್ತು 250. ಕಳೆದ ಜುಲೈಯಲ್ಲಿ ಸಿಒಡಿ 150 ಇತ್ತು. ಬ್ಲೋವರ್ ಸರಿ ಓಡ್ತಾ ಇದೆ, ಕೆಸರೂ ಚೆನ್ನಾಗಿ ಕೂರುತ್ತದೆ. ಮುಂದಿನ ವರ್ಷದ ತಪಾಸಣೆ ಪ್ಲಾನ್ ಬರೆಯಬೇಕು. ಧಣಿಗಳು "ವಾರಕ್ಕೊಂದು ಸ್ಯಾಂಪಲ್ ಕಳಿಸಿ" ಅಂತಾರೆ. ಅದರಿಂದ ಕಾರಣ ಸಿಗುತ್ತಾ?

ಕೆಸರುಗುಂಡಿ: ಬಿಲ್ ಜಾಸ್ತಿ ಆಗುತ್ತದೆ ಮಾರಾಯ್ರೆ, ಅಷ್ಟೇ. ನೀರಿನಲ್ಲಿ ಉಪ್ಪಿನ ಕ್ಲೋರೈಡ್ ಎಷ್ಟು?

ಬೂತಾಯಿ_ಮಲ್ಪೆ: ಮಾಡಿಸಿಲ್ಲ ಸರ್. ಬೋರ್‌ವೆಲ್ ನೀರು ಏಪ್ರಿಲ್‌ನಿಂದ ಉಪ್ಪಾಗುತ್ತದೆ. ಮೀನಿನ ಐಸ್ ಕರಗಿದ ನೀರೂ ಇಟಿಪಿಗೇ ಬರುತ್ತದೆ.

ಕೆಸರುಗುಂಡಿ: ಹಾಗಾದ್ರೆ ಮೊದಲು ಅದನ್ನು ನೋಡಿ. ಸಿಒಡಿ ಪರೀಕ್ಷೆಯಲ್ಲಿ ಕೊಳೆ ಸುಡಲು ಹಾಕುವ ಡೈಕ್ರೋಮೇಟ್ ಕ್ಲೋರೈಡಿನ ಜೊತೆಗೂ ಪ್ರತಿಕ್ರಿಯಿಸುತ್ತದೆ. 1 ಮಿ.ಗ್ರಾಂ ಕ್ಲೋರೈಡ್ ಪೂರ್ತಿ ಹಾಗಾದರೆ 0.226 ಮಿ.ಗ್ರಾಂ ಸುಳ್ಳು ಸಿಒಡಿ ತೋರಿಸುತ್ತದೆ. ಇದನ್ನು ತಡೆಯಲು ಲ್ಯಾಬಿನವರು ಕ್ಲೋರೈಡಿನ ತೂಕದ 10 ಪಟ್ಟು ಮರ್ಕ್ಯುರಿಕ್ ಸಲ್ಫೇಟ್ ಹಾಕ್ತಾರೆ. ಆದರೂ ಕ್ಲೋರೈಡ್ ಲೀಟರಿಗೆ 2000 ಮಿ.ಗ್ರಾಂ ದಾಟಿದ ಮೇಲೆ ಆ ಸಿಒಡಿ ಅಂಕಿಯನ್ನು ನಂಬಬೇಡಿ. ಸ್ಯಾಂಪಲನ್ನು ತೆಳು ಮಾಡಿ ಮತ್ತೊಮ್ಮೆ ಮಾಡಿಸಿ. ಅಷ್ಟೇ ಕ್ಲೋರೈಡ್ ಇರುವ ಬರೀ ಉಪ್ಪುನೀರನ್ನೂ ಜೊತೆಗೆ ಹಾಕಲು ಹೇಳಿ. ಅದರಲ್ಲೂ ಸಿಒಡಿ ತೋರಿಸಿದ್ರೆ ಕಳ್ಳ ಸಿಕ್ಕಿದ ಹಾಗೆ.

ಇನ್ನು ಆ ಜುಲೈ ಅಂಕಿಯನ್ನು ಇದಕ್ಕೆ ಹೋಲಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನೇ ಇಲ್ಲದಾಗ ಇಟಿಪಿಗೆ ಏನು ಕೆಲಸ? ಪ್ಲಾನ್ ಕ್ಯಾಲೆಂಡರ್ ನೋಡಿ ಬರೆಯುವುದಲ್ಲ, ಮೀನು ನೋಡಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಇರುವಷ್ಟು ಸ್ಯಾಂಪಲ್ ಹೇಗೂ ಬೇಕು. ಹೆಚ್ಚುವರಿ ದುಡ್ಡನ್ನು ಆಗಸ್ಟಿಗೆ ಇಡಿ. ಇಟಿಪಿಯಲ್ಲಿ ಕೊಳೆ ತಿನ್ನುವ, ಎರಡು ತಿಂಗಳು ಹಸಿದ ಬ್ಯಾಕ್ಟೀರಿಯಾದ ಮೇಲೆ ಒಮ್ಮೆಲೇ ಲೋಡ್ ಬೀಳುವುದು ಆಗಲೇ. ಉಳಿದದ್ದು ಏಪ್ರಿಲ್, ಮೇಗೆ. ಆಗ ಬೋರ್‌ವೆಲ್, ಇಟಿಪಿ ಒಳಹರಿವು, ಔಟ್‌ಲೆಟ್ ಮೂರರಲ್ಲೂ ಕ್ಲೋರೈಡ್ ನೋಡಿ.

ಲ್ಯಾಬ್_ಹುಡುಗಿ: ಸ್ಯಾಂಪಲ್ ಎಷ್ಟು ಗಂಟೆಗೆ ತೆಗೀತೀರಿ?

ಬೂತಾಯಿ_ಮಲ್ಪೆ: ಬೆಳಿಗ್ಗೆ, ಲ್ಯಾಬಿನ ಗಾಡಿ ಬಂದಾಗ. ನೆಲ ತೊಳೆಯುವುದು ಸಂಜೆ.

ಲ್ಯಾಬ್_ಹುಡುಗಿ: ಹಾಗಾದ್ರೆ ತೊಳೆದ ನೀರು ಲೆಕ್ಕಕ್ಕೇ ಬರದೇ ಹೋಗಬಹುದು. ದಿನವಿಡೀ ಗಂಟೆಗಂಟೆಗೆ ತೆಗೆದು, ಹರಿವಿನ ಪ್ರಮಾಣಕ್ಕೆ ಸರಿಯಾಗಿ ಬೆರೆಸಿ. ಸಿಒಡಿ ಬಾಟಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಬಿಒಡಿ ಬಾಟಲಿಗೆ ಆಸಿಡ್ ಬೇಡವೇ ಬೇಡ, ಐಸ್ ಸಾಕು. ಐಸಿಗೆ ನಿಮ್ಮಲ್ಲಿ ಬರ ಇಲ್ಲ, ಅಲ್ವಾ! ಪಿಎಚ್ ಅಲ್ಲೇ ನೋಡಿ.

ಬೂತಾಯಿ_ಮಲ್ಪೆ: ಅಪ್‌ಡೇಟ್: ಔಟ್‌ಲೆಟ್ ಕ್ಲೋರೈಡ್ 3100. ತೆಳು ಮಾಡಿದಾಗ ಸಿಒಡಿ 190. ಬೋರ್‌ವೆಲ್‌ನಲ್ಲೇ 2400 ಇದೆ. ಸಂಜೆಯ ನೀರೂ ಸೇರಿಸಿದ ಸ್ಯಾಂಪಲ್ ನಾಳೆ ಹೋಗುತ್ತದೆ. ಧಣಿಗಳು ಈಗ ಟ್ಯಾಂಕರ್ ನೀರಿನ ರೇಟ್ ಕೇಳ್ತಿದ್ದಾರೆ.