ಅಪ್‌ಡೇಟ್ ಆದ ಮೇಲೆ ಫೋನ್ ಲೋಗೊದಲ್ಲೇ ನಿಂತಿದೆ, ಬೋರ್ಡ್ ಹೋಗಿದೆ ಅಂತಾರೆ. ಏನು ಮಾಡಲಿ?

ಪ್ರಶ್ನೆ (ಬಳ್ಳಾರಿ, ಕೌಲ್ ಬಜಾರ್)

ಎಲ್ಲರಿಗೂ ನಮಸ್ಕಾರ. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಮ್ಮದು, ಎಂಟು ಮಷಿನ್. ಮೊನ್ನೆ ರಾತ್ರಿ ಫೋನ್‌ಗೆ ಅಪ್‌ಡೇಟ್ ಬಂತು. ಚಾರ್ಜಿಗೆ ಹಾಕಿ, ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ಲೋಗೊ ಬರುತ್ತದೆ, ಒಮ್ಮೆ ಗುರ್ ಅಂತ ನಡುಗುತ್ತದೆ, ಕಪ್ಪಾಗುತ್ತದೆ, ಮತ್ತೆ ಲೋಗೊ. ಹಿಂಭಾಗ ಕೈಗೆ ಸುಡುತ್ತಿತ್ತು.

ಸರ್ವಿಸ್ ಸೆಂಟರ್‌ಗೆ ಒಯ್ದೆ. ಹುಡುಗ ಒಳಗೆ ತಗೊಂಡು ಹೋಗಿ ಐದೇ ನಿಮಿಷದಲ್ಲಿ ವಾಪಸ್ ಬಂದ. ‘ಮದರ್‌ಬೋರ್ಡ್ ಹೋಗಿದೆ, 8,500 ಆಗುತ್ತೆ, ವಾರಂಟಿ ಮುಗಿದಿದೆ’ ಅಂದ. ಫೋನ್ ತಗೊಂಡು 14 ತಿಂಗಳು. ಕಸ್ಟಮರ್ ಕೇರ್‌ಗೆ ಮೂರು ಸಲ ಮಾಡಿದೆ. ಮೂರು ಸಲವೂ ಮೊದಲಿಂದ ಹೇಳಬೇಕು, ಮೂರು ಸಲವೂ ‘ಹತ್ತಿರದ ಸೆಂಟರ್‌ಗೆ ಹೋಗಿ’ ಅಂತಲೇ ಉತ್ತರ.

ಪಾರ್ಟಿಯವರು ಕಳಿಸಿದ ಸ್ಯಾಂಪಲ್ ಫೋಟೊ, ಜೇಬಿನ ಹೊಲಿಗೆ, ವಾಷ್ ಮಾಡಿದ ಬಣ್ಣ ಎಲ್ಲ ಅದರಲ್ಲೇ ಇವೆ. ನಾನು ಫೋನ್ ಬೀಳಿಸಿಲ್ಲ, ನೀರು ತಾಗಿಸಿಲ್ಲ. ಅವರೇ ಕಳಿಸಿದ ಅಪ್‌ಡೇಟ್ ಅಲ್ವಾ?

ಉತ್ತರ (ಕೊಪ್ಪಳ)

ಫ್ಯಾಕ್ಟರಿ ರೀಸೆಟ್ ಹೊಡೀರಿ ಸರ್, ಸರಿ ಹೋಗುತ್ತೆ. ನನ್ನದು ಹಾಗೇ ಆಯ್ತು.

ಉತ್ತರ (ರಾಯಚೂರು, ಮೊಬೈಲ್ ರಿಪೇರಿ ಅಂಗಡಿ)

ಅಣ್ಣಾರೆ, ದಯವಿಟ್ಟು ಈಗಲೇ ರೀಸೆಟ್ ಮಾಡಬೇಡಿ. ಫೋಟೊ ಎಲ್ಲ ಹೋಗುತ್ತವೆ. ಕೊಪ್ಪಳದ ಸರ್ ಹೇಳಿದ್ದು ತಪ್ಪಲ್ಲ, ಆದರೆ ಅದು ಕೊನೆಯ ದಾರಿ. ಬೋರ್ಡ್ ಬದಲಿಸಿದರೂ ಅಷ್ಟೇ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಬಂದ ಫೋನ್‌ಗಳಲ್ಲಿ ಡೇಟಾ ಬೀಗ ಹಾಕಿಕೊಂಡೇ ಕೂತಿರುತ್ತದೆ. ಆ ಬೀಗದ ಕೈ ಅದೇ ಬೋರ್ಡಿನಲ್ಲಿ ಇರುತ್ತದೆ. ಬೋರ್ಡ್ ಹೋಯಿತು ಅಂದರೆ ಫೋಟೊನೂ ಹೋಯಿತು.

ಲೋಗೊ ಬರುತ್ತಿದೆ ಅಂದರೆ ಬೋರ್ಡ್ ಪೂರ್ತಿ ಸತ್ತಿಲ್ಲ. ಅದರಲ್ಲೂ ದೋಷ ಇರಬಹುದು, ಇಲ್ಲ ಅನ್ನಲ್ಲ. ಆದರೆ ಸಾಫ್ಟ್‌ವೇರ್ ಮತ್ತೆ ಹಾಕಿ ನೋಡದೆ ಐದು ನಿಮಿಷದಲ್ಲಿ ಅದನ್ನು ಹೇಳೋಕೆ ಯಾರಿಗೂ ಆಗಲ್ಲ.

ಮೊದಲು ಫೋನ್ ತಣ್ಣಗಾಗಲಿ. ಆಮೇಲೆ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ 20 ಸೆಕೆಂಡ್ ಒತ್ತಿ ಹಿಡಿಯಿರಿ. ಅದಕ್ಕೂ ಏಳದಿದ್ದರೆ ಪವರ್ ಮತ್ತು ವಾಲ್ಯೂಮ್ ಹೆಚ್ಚು ಮಾಡುವ ಬಟನ್ ಹಿಡಿದು ರಿಕವರಿಗೆ, ಅಂದರೆ ಫೋನ್ ಏಳದಾಗ ಸರಿಮಾಡುವ ಮೆನುಗೆ ಹೋಗಿ. ಕಂಪನಿಯಿಂದ ಕಂಪನಿಗೆ ಬಟನ್ ಬೇರೆ, ಕೆಲವಕ್ಕೆ ಕೇಬಲ್ ಕಂಪ್ಯೂಟರ್‌ಗೆ ಹಾಕಿರಬೇಕು. ಅಂಗಾತ ಬಿದ್ದ ರೋಬೋ ಬಂದು ‘ನೋ ಕಮಾಂಡ್’ ಅಂದರೆ ಗಾಬರಿ ಬೇಡ. ಪವರ್ ಹಿಡಿದುಕೊಂಡೇ ವಾಲ್ಯೂಮ್ ಹೆಚ್ಚಿನದನ್ನು ಒಮ್ಮೆ ಒತ್ತಿ ಬಿಡಿ, ಮೆನು ಬರುತ್ತದೆ. ಅದರಲ್ಲಿ ‘ವೈಪ್ ಕ್ಯಾಶ್’ ಇದ್ದರೆ ಮಾಡಿ, ಅಳಿಸೋದು ತಾತ್ಕಾಲಿಕ ಫೈಲ್ ಮಾತ್ರ, ಫೋಟೊಗೆ ಏನೂ ಆಗಲ್ಲ. ‘ವೈಪ್ ಡೇಟಾ’ ಮಾತ್ರ ಮುಟ್ಟಬೇಡಿ. ಎರಡೂ ಒಂದರ ಕೆಳಗೆ ಒಂದು ಇರುತ್ತವೆ, ನಿಧಾನವಾಗಿ ಓದಿ. ಆ ಪರದೆಯ ಮೇಲ್ಭಾಗದಲ್ಲಿ ಸಾಫ್ಟ್‌ವೇರ್ ನಂಬರ್ ಇರುತ್ತದೆ. ಬೇರೆ ಫೋನಿಂದ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಆಗಲಿಲ್ಲ ಅಂದರೆ ಮತ್ತೆ ಫೋನ್ ಮಾಡುತ್ತಾ ಕೂರಬೇಡಿ, ಬರೆದು ಕಳಿಸಿ. ಮಾತಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದಕ್ಕೆ ದೂರಿನ ನಂಬರ್ ಸಿಗುತ್ತದೆ. ಮುಂದೆ ಯಾರ ಹತ್ತಿರ ಮಾತಾಡಿದರೂ ಆ ನಂಬರಿಂದಲೇ ಶುರು ಮಾಡಿ.

ಇನ್ನೊಂದು ಮಾತು, ಇದು ನಾನು ದಿನಾ ನೋಡೋದು. ಸೆಂಟರ್‌ನಲ್ಲಿ ಕೊಡುವ ಜಾಬ್ ಶೀಟ್‌ನಲ್ಲಿ ದೋಷ ಅಂತ ಒಂದು ಸಾಲು ಇರುತ್ತದೆ. ಬಹಳ ಸಲ ಅಲ್ಲಿ ‘ಡೆಡ್’ ಅಂತ ಒಂದೇ ಪದ ಹಾಕುತ್ತಾರೆ. ಆ ಪದ ಬಿದ್ದರೆ ಕಂಪನಿಯವರಿಗೆ ಅಪ್‌ಡೇಟ್ ವಿಷಯವೇ ತಲುಪಲ್ಲ. ‘ಅಪ್‌ಡೇಟ್ ಹಾಕಿದ ನಂತರ ಲೋಗೊದಲ್ಲಿ ನಿಂತಿದೆ, ನೀರು ಅಥವಾ ಪೆಟ್ಟಿನ ಗುರುತು ಇಲ್ಲ’ ಅಂತ ಬರೆಸಿ. ಬರೆಯುವವರೆಗೆ ಸಹಿ ಹಾಕಬೇಡಿ.

ಅಲ್ಲಿಗೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡಲ್ಲ, ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ. ಅದಕ್ಕೂ ಮೇಲೆ ಬಳ್ಳಾರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವು ಇರುವ ಊರಲ್ಲೇ ದೂರು ಹಾಕಬಹುದು. ನಿಮ್ಮ ಫೋನ್ ಬೆಲೆಗೆ ಶುಲ್ಕವೂ ಇಲ್ಲ, 5 ಲಕ್ಷದವರೆಗೆ ಮಾಫಿ. ಎರಡು ವರ್ಷದ ಒಳಗೆ ಹಾಕಬೇಕು ಅಷ್ಟೇ.

ಪ್ರಶ್ನೆ ಕೇಳಿದವರು

ತಮ್ಮಾ, ರೋಬೋ ಬಂತು! ಕ್ಯಾಶ್ ಅಳಿಸಿದೆ, ಆದರೂ ಏಳಲಿಲ್ಲ. ನಂಬರ್ ಫೋಟೊ ತೆಗೆದೆ. ಇವತ್ತೇ ಮೇಲ್ ಮಾಡುತ್ತೇನೆ.

ಪ್ರಶ್ನೆ ಕೇಳಿದವರು (12 ದಿನದ ನಂತರ)

ಫೋನ್ ಎದ್ದಿದೆ. ಫೋಟೊ ಎಲ್ಲ ಇವೆ.

ಮೇಲ್‌ಗೆ ನಾಲ್ಕು ದಿನ ಬರೀ ‘ನೋಡುತ್ತಿದ್ದೇವೆ’ ಅಂತ ಬಂತು. ಐದನೇ ದಿನ 1915ಕ್ಕೆ ಹೇಳಿದೆ. ಮುಂದಿನ ವಾರ ಕಂಪನಿಯಿಂದ ಒಬ್ಬ ಹೆಣ್ಣುಮಗಳು ತಾನಾಗೇ ಫೋನ್ ಮಾಡಿದಳು. ಮೇಲ್ ಮುಂದಿಟ್ಟುಕೊಂಡೇ ಮಾತಾಡಿದಳು, ನಾನು ಮೊದಲಿಂದ ಹೇಳಬೇಕಾಗಲಿಲ್ಲ. ಆ ಒಂದು ಮಾತಿಗೆ ಅರ್ಧ ಸಿಟ್ಟು ಇಳಿಯಿತು. ಅದೇ ಸೆಂಟರ್‌ಗೆ ಹೋದೆ. ದೋಷದ ಸಾಲು ನಾನು ಹೇಳಿದಂತೆ ಬರೆಸಿದೆ. ಡೇಟಾ ಉಳಿಸಿ ಸಾಫ್ಟ್‌ವೇರ್ ಹಾಕಿಕೊಟ್ಟರು. ಬೋರ್ಡ್ ಚೆನ್ನಾಗೇ ಇತ್ತು. ದುಡ್ಡು ತಗೊಳ್ಳಲಿಲ್ಲ. ಮನೆಗೆ ಬಂದವನೇ ಮೊದಲು ಫೋಟೊ ಎಲ್ಲ ಮಗಳ ಲ್ಯಾಪ್‌ಟಾಪ್‌ಗೆ ಹಾಕಿದೆ.

ಉತ್ತರ (ಕೊಪ್ಪಳ)

ಒಳ್ಳೇದಾಯ್ತು ಸರ್. ರೀಸೆಟ್ ಅಂತ ಹೇಳಿದ್ದಕ್ಕೆ ಕ್ಷಮಿಸಿ, ನಿಮ್ಮ ಫೋಟೊ ವಿಷಯ ಓದಿರಲಿಲ್ಲ. ಗಂಗಾವತಿಯಲ್ಲಿ ನಮ್ಮ ಅತ್ತಿಗೆ ಫೋನೂ ಹೀಗೇ ನಿಂತಿದೆ. ಮೇಲ್‌ನಲ್ಲಿ ಏನು ಬರೆದಿರಿ, ಇಲ್ಲಿ ಹಾಕುತ್ತೀರಾ?

ಪ್ರಶ್ನೆ ಕೇಳಿದವರು

ಖಂಡಿತ. ಇಷ್ಟೇ ಬರೆದದ್ದು:

‘ಫೋನ್ ಮಾಡೆಲ್, ಬಿಲ್ ತಾರೀಖು, ಐಎಂಇಐ ಕೆಳಗಿದೆ. ಇಂಥ ದಿನ ರಾತ್ರಿ ನಿಮ್ಮ ಅಪ್‌ಡೇಟ್ ಹಾಕಿದೆ. ಬೆಳಿಗ್ಗೆಯಿಂದ ಲೋಗೊ ದಾಟುತ್ತಿಲ್ಲ. ಕ್ಯಾಶ್ ಅಳಿಸಿ ನೋಡಿದೆ, ರಿಕವರಿ ಪರದೆಯ ಫೋಟೊ ಜೊತೆಗಿದೆ. ಡೇಟಾ ಉಳಿಸಿ ಸಾಫ್ಟ್‌ವೇರ್ ಮತ್ತೆ ಹಾಕಿಕೊಡಿ. ಅದನ್ನು ಮಾಡದೆ ಬೋರ್ಡ್ ಬದಲಿಸಲು ನನ್ನ ಒಪ್ಪಿಗೆ ಇಲ್ಲ.’

ಐಎಂಇಐ ಅಂದರೆ ಫೋನಿನ ಗುರುತಿನ ನಂಬರ್, 15 ಅಂಕಿ, ಫೋನ್ ಡಬ್ಬದ ಮೇಲೆ ಇರುತ್ತದೆ. ಅತ್ತಿಗೆಗೆ ಡಬ್ಬ ಹುಡುಕಿಡಲು ಹೇಳಿ.